ನಿರ್ವಿಮಾನಯಾನ ಮೀಮಾಂಸೆ: ದೊಡ್ಮನೆ ಘಟ್ಟವನ್ನು ಮುಂದಿಟ್ಟುಕೊಂಡು ಒಂದು ಸಂಶೋಧನೆ

ಬ್ರಿಟನ್ನಿನ ಬಿಬಿಸಿಯು 2019ರಲ್ಲಿ ‘ರೇಸ್ ಅಕ್ರಾಸ್ ದ ವರ್ಲ್ಡ್’ ಎಂಬ ಟೀವಿ ಸ್ಪರ್ಧೆಯನ್ನು ಆರಂಭಿಸಿ, ಮನುಷ್ಯನು ವಿಮಾನ ಹತ್ತದೆಯೂ ಒಂದೂರಿನಿಂದ ಇನ್ನೊಂದೂರಿಗೆ ಹೋಗಬಲ್ಲನು ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟಿತು. ಈ ಆವಿಷ್ಕಾರದಿಂದ ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲ್ಲೂಕುಗಳಲ್ಲಿ ಉಂಟಾಗಬಹುದಾದ ಆಶ್ಚರ್ಯ ಅಷ್ಟಿಷ್ಟಲ್ಲ. ‘ಇದ್ರಲ್ಲಿ ತೋರ್ಸಲೆ ಎಂತ ಇದ್ದು?’ ಎಂಬುದೇ ಆ ಆಶ್ಚರ್ಯದ ಸ್ವರೂಪ.

ಸ್ಪರ್ಧೆಯ ಲಕ್ಷಣ ಹೀಗೆ. ಇಬ್ಬಿಬ್ಬರ ಜೋಡಿ. ವಿಮಾನ ನಿಷಿದ್ಧ. ಮೊಬೈಲು, ಬ್ಯಾಂಕ್ ಕಾರ್ಡು ಎರಡನ್ನೂ ಹೊರಡುವ ಮೊದಲೇ ಒಪ್ಪಿಸಬೇಕು. ಅಷ್ಟು ದೂರಕ್ಕೆ ವಿಮಾನದ ಟಿಕೆಟ್ಟಿಗೆ ಎಷ್ಟಾಗುತ್ತಿತ್ತೋ ಅಷ್ಟೇ ದುಡ್ಡು ಕೈಗೆ; ಊಟ, ವಸತಿ, ಬಸ್ಸು, ರೈಲು, ದೋಣಿ ಎಲ್ಲ ಅದರಲ್ಲೇ. ಸಾಲದೆ ಹೋದರೆ ದಾರಿಯಲ್ಲಿ ಕೂಲಿ ಮಾಡಿ ಗಳಿಸಿಕೊಳ್ಳಬಹುದು. ನಡುನಡುವೆ ತಂಗುದಾಣಗಳು, ಅಲ್ಲಿನ ಪುಸ್ತಕದಲ್ಲಿ ಹೆಸರು ಬರೆದು ಮುಂದಕ್ಕೆ. ಮೊದಲು ಮುಟ್ಟಿದವರಿಗೆ 20,000 ಪೌಂಡು. ಮೊದಲನೆಯದು ಲಂಡನ್ನಿನಿಂದ ಸಿಂಗಪುರಕ್ಕೆ. 2020ರದ್ದು ಮೆಕ್ಸಿಕೊ ಸಿಟಿಯಿಂದ ದಕ್ಷಿಣ ಅಮೆರಿಕದ ತುದಿಯ ಉಶುವಾಯಕ್ಕೆ. ಆಮೇಲೆ ಕೆನಡಾ, ಆಮೇಲೆ ಜಪಾನಿನಿಂದ ಇಂಡೋನೇಷ್ಯಾ. 2025ರಲ್ಲಿ ಚೀನಾದ ಮಹಾಗೋಡೆಯಿಂದ ಹೊರಟು ನಮ್ಮ ಕನ್ಯಾಕುಮಾರಿಗೆ ಬಂದರು, 14,000 ಕಿ.ಮೀ.ಗೂ ಮೇಲೆ. ಗೆದ್ದದ್ದು ಒಬ್ಬ ತಾಯಿ ಮತ್ತು ಮಗ.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೆ: ಇದು ಸ್ವತಂತ್ರ ಕೃತಿಯಲ್ಲ. ಸಿದ್ದಾಪುರ ಸೀಮೆಯ ದಿನನಿತ್ಯದ ಓಡಾಟಕ್ಕೆ ಇಂಗ್ಲಿಷಿನವರು ತಡವಾಗಿ, ಬಹಳ ಖರ್ಚು ಮಾಡಿ ಬರೆದ ಟೀಕೆ.

ಮೊದಲು ಸ್ಥಳನಿರ್ಣಯ. ಟೀವಿ ಮುಂದೆ ಕೂರುವವರಿಗೆ ದೊಡ್ಮನೆ ಅಂದರೆ ಬಿಗ್ ಬಾಸ್ ಮನೆ. ಹೊರಗೆ ಬೀಳದೆ ಕೂತವನು ಅಲ್ಲಿ ಗೆಲ್ಲುತ್ತಾನೆ. ಅದು ನಮ್ಮ ವಿಷಯವಲ್ಲ. ನಮ್ಮ ದೊಡ್ಮನೆ ಸಿದ್ದಾಪುರ ತಾಲ್ಲೂಕಿನದು, ಕುಮಟಾಕ್ಕೆ ಇಳಿಯುವ ಘಟ್ಟಕ್ಕೆ ತನ್ನ ಹೆಸರು ಕೊಟ್ಟ ಊರು. 1926ರಲ್ಲಿ ರಾಮಕೃಷ್ಣ ಹೆಗಡೆ ಹುಟ್ಟಿದ್ದು ಇಲ್ಲಿ. ಅವರು ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌದಲ್ಲಿ ಕಾನೂನು ಕಲಿತು, 1983ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಮುಟ್ಟಿದರು. ಇದನ್ನು ಇತಿಹಾಸಕಾರರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಎಂದು ವರ್ಣಿಸುತ್ತಾರೆ. ನಮ್ಮ ಶಾಸ್ತ್ರಕ್ಕೆ ಅದು ದೊಡ್ಮನೆ–ಕಾಶಿ–ಲಖನೌ–ಬೆಂಗಳೂರು ಎಂಬ ದೀರ್ಘ ಸ್ಪರ್ಧೆ. ಇದರಲ್ಲಿ ಕಠಿಣವಾದ ಹಂತ ಯಾವುದೆಂದು ಪಂಡಿತರು ಚುನಾವಣೆಯ ಕಡೆ ಬೆರಳು ಮಾಡುತ್ತಾರೆ. ಘಟ್ಟದವರನ್ನು ಕೇಳಿದರೆ, ರೈಲು ಸಿಗುವ ಊರು ಮುಟ್ಟುವ ತನಕದ್ದೇ ಕಠಿಣ, ಆಮೇಲಿನದೆಲ್ಲ ಸಲೀಸು ಎನ್ನುತ್ತಾರೆ.

ಇನ್ನು ಪರಂಪರೆಯ ವಿಚಾರ. ಈ ಪ್ರಕಾರದ ಆದಿಗ್ರಂಥ ಶಿರಸಿ ತಾಲ್ಲೂಕಿನಲ್ಲಿಯೇ ಇದೆ ಎಂದರೆ ತಪ್ಪಾಗದು. ಸೋದೆಯಲ್ಲಿ ವೃಂದಾವನಸ್ಥರಾದ ವಾದಿರಾಜರು ದೇಶವನ್ನೆಲ್ಲ ಸುತ್ತಿ ‘ತೀರ್ಥಪ್ರಬಂಧ’ವನ್ನು ರಚಿಸಿದರು. ಅದಕ್ಕೆ ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ನಾಲ್ಕು ಭಾಗ. ಟೀವಿಯವರ ಮಾತಿನಲ್ಲಿ ಹೇಳುವುದಾದರೆ ನಾಲ್ಕು ಸೀಸನ್ನು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ದಾರಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬರೆದು ಲೆಕ್ಕ ಕಲಿಯುವುದನ್ನು ನಿಂತು ನೋಡಿ ಬರೆದಿಟ್ಟ. ಇದೇ ಮಹಾಶಯ ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ರೋಮಿನಲ್ಲಿ ಮಣ್ಣು ಮಾಡಬೇಕೆಂದು ವರ್ಷಗಟ್ಟಲೆ ಸಾಗಿಸಿದವನು. ಇಬ್ಬಿಬ್ಬರ ಜೋಡಿ ಎಂಬ ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಸ್ಪರ್ಧಿ ಬಿಬಿಸಿಗೆ ಇನ್ನೂ ಸಿಕ್ಕಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಎಂದು ಹಾದುಹೋದ. ಅಡಿಕೆ, ಮೆಣಸು, ಮಣ್ಣು, ಜಾತಿ ಎಲ್ಲವನ್ನೂ ಬರೆದುಕೊಂಡ; ಕ್ಯಾಮೆರಾ ಇಲ್ಲದ ಕೊರತೆಯನ್ನು ಓದುಗನಿಗೆ ತಿಳಿಯಗೊಡಲಿಲ್ಲ.

ಆದರೂ ಸ್ಪರ್ಧೆಯ ಶುದ್ಧ ರೂಪವನ್ನು ಗ್ರಂಥಗಳಲ್ಲಿ ಹುಡುಕಬಾರದು, ಮದುವೆ ಮನೆಯಲ್ಲಿ ಹುಡುಕಬೇಕು. ಮದುಮಗ ಪಂಚೆ ಉಟ್ಟು, ಕೊಡೆ ಹಿಡಿದು, ಕೋಲು ಊರಿ ಕಾಶಿಗೆ ಹೊರಡುತ್ತಾನೆ. ವಿಮಾನವಿಲ್ಲ. ಮೊಬೈಲು ಅಣ್ಣನ ಕೈಲಿ. ಬ್ಯಾಂಕ್ ಕಾರ್ಡು ಅಪ್ಪಯ್ಯನ ಕೈಲಿ. ಚಿತ್ರೀಕರಣಕ್ಕೆ ವೀಡಿಯೊದವನು ಹಿಂದು ಹಿಂದಾಗಿ ನಡೆಯುತ್ತಾನೆ. ಚಪ್ಪರದ ಬಾಗಿಲು ದಾಟುವ ಮೊದಲೇ ಹೆಣ್ಣಿನ ಕಡೆಯವರು ತಡೆಯುತ್ತಾರೆ, ಅವನು ಮರುಮಾತಿಲ್ಲದೆ ತಿರುಗುತ್ತಾನೆ. ಮೊದಲ ತಂಗುದಾಣದಲ್ಲೇ ಸೋತು, ಬಹುಮಾನವನ್ನೂ ಕೈಹಿಡಿದುಕೊಂಡು ಹೋಗುವ ಸ್ಪರ್ಧೆ ಜಗತ್ತಿನಲ್ಲಿ ಇದೊಂದೇ.

ಈಗ ನಿಯಮಗಳ ಪರೀಕ್ಷೆ. ವಿಮಾನ ಹತ್ತಬಾರದು ಎಂಬ ವಿಧಿಯನ್ನೇ ತೆಗೆದುಕೊಳ್ಳೋಣ. ಆಕಾಶದಲ್ಲಿ ಅಗ್ನಿಚಯನ ಮಾಡಬಾರದು ಎಂಬರ್ಥದ ಮಾತು ವೇದದಲ್ಲಿದೆ. ಆಗದ ಕೆಲಸವನ್ನು ಬೇಡ ಎನ್ನುವುದೇಕೆ ಎಂದು ಮೀಮಾಂಸಕರು ಬಹುಕಾಲ ತಲೆ ಕೆಡಿಸಿಕೊಂಡರು. ಬಿಬಿಸಿಯ ವಿಧಿಯೂ ಅದೇ ಜಾತಿಯದು. ಮೂರೂ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತುವವನು ಮೊದಲು ಹುಬ್ಬಳ್ಳಿಗೋ, 2023ರಲ್ಲಿ ತೆರೆದ ಶಿವಮೊಗ್ಗದ ನಿಲ್ದಾಣಕ್ಕೋ ಬಸ್ಸಿನಲ್ಲಿ ಹೋಗಬೇಕು. ಆ ಬಸ್ಸಿಗಾಗಿ ಕಾಯಬೇಕು. ಪ್ರಾಪ್ತಿಯಿಲ್ಲದಲ್ಲಿ ನಿಷೇಧವೆಲ್ಲಿ? ಮೊಬೈಲ್ ನಿಷೇಧವೂ ಹಾಗೆಯೇ. ಘಟ್ಟದಲ್ಲಿ ಎರಡು ತಿರುವು ಇಳಿದರೆ ಸಿಗ್ನಲ್ಲು ತಾನಾಗಿಯೇ ಸನ್ಯಾಸ ತೆಗೆದುಕೊಳ್ಳುತ್ತದೆ, ಕಸಿಯುವ ಕೆಲಸ ಯಾರಿಗೂ ಇಲ್ಲ.

ಪ್ರಬಂಧದ ಹೃದಯಭಾಗ ಬಸ್‌ಸ್ಟಾಪು. ಬಿಬಿಸಿ ಇದನ್ನು ಪೂರಾ ಕಡೆಗಣಿಸಿದೆ. ಅವರ ಜೋಡಿಗಳು ಬಸ್ಸು ಹಿಡಿಯುವುದನ್ನು ತೋರಿಸುತ್ತಾರೆ, ಬಸ್ಸಿನ ಜ್ಞಾನ ಹೇಗೆ ಉಂಟಾಗುತ್ತದೆ ಎಂಬುದನ್ನು ತೋರಿಸುವುದಿಲ್ಲ. ನಮ್ಮಲ್ಲಿ ಬಸ್ಸು ಪ್ರಮಾಣಗಳಿಂದ ಸಿದ್ಧಿಸುವ ವಸ್ತು. ತಿರುವಿನಲ್ಲಿ ಕೆಂಪು ಕಂಡರೆ ಪ್ರತ್ಯಕ್ಷ. ಹೊಗೆಯಿದ್ದಲ್ಲಿ ಬೆಂಕಿ ಎಂಬಂತೆ ಧೂಳಿದ್ದಲ್ಲಿ ಬಸ್ಸು ಎಂಬುದು ಅನುಮಾನ. ಆದರೆ ಇದು ಮಾಘ, ಫಾಲ್ಗುಣಕ್ಕೆ ಸರಿ, ಆಷಾಢದಲ್ಲಿ ಧೂಳೇ ಇಲ್ಲದ್ದರಿಂದ ಹೇತ್ವಾಭಾಸ. ಗೂಡಂಗಡಿಯವನು ಹೇಳಿದ್ದು ಶಬ್ದಪ್ರಮಾಣ. ಹಾಲಿನ ಕ್ಯಾನು ಕಟ್ಟೆಯ ಮೇಲೆ ಇನ್ನೂ ಕೂತಿದೆಯಾದರೆ ಬಸ್ಸು ಹೋಗಿಲ್ಲ ಎಂಬುದು ಅರ್ಥಾಪತ್ತಿ. ಇವೆಲ್ಲ ಸೋತ ಮೇಲೆ ಕುಮಾರಿಲ ಭಟ್ಟರ ಅನುಯಾಯಿಗಳು ಒಪ್ಪಿದ ಅನುಪಲಬ್ಧಿಯೊಂದೇ ಗತಿ. ಬಸ್ಸು ಕಾಣುತ್ತಿಲ್ಲ, ಆದ್ದರಿಂದ ಬಸ್ಸಿಲ್ಲ. ಭಟ್ಟರು ಹೆಚ್ಚಿರುವ ಸೀಮೆಯಲ್ಲಿ ಈ ಪ್ರಮಾಣ ಬಾಳಿಕೊಂಡು ಬಂದದ್ದು ಆಕಸ್ಮಿಕವಿರಲಾರದು.

ಆಪ್ತವಾಕ್ಯದ ಒಂದು ಮಾದರಿಯನ್ನು ಇಲ್ಲಿ ಕೊಡಬೇಕು. ಕಟ್ಟೆಯ ಮೇಲೊಬ್ಬ ಅಜ್ಜ, ತೊಡೆಯ ಮೇಲೆ ಕವಳದ ಸಂಚಿ. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚುತ್ತಿದ್ದಾನೆ.

“ಅಜ್ಜಾ, ಬಸ್ಸು ಹೋತನ?”

“ಹೋಗಿದ್ರೆ ಆನು ಇಲ್ಲಿ ಕೂತ್ಕತ್ತಿದ್ನಾ?”

“ಹಂಗಾರೆ ಬತ್ತನ?”

“ಬಪ್ಪದಾದ್ರೆ ಬತ್ತು.”

ಮೊದಲ ಉತ್ತರ ತರ್ಕಶುದ್ಧ. ಎರಡನೆಯದನ್ನು ಬೃಹಸ್ಪತಿಯೂ ಖಂಡಿಸಲಾರ. ಕವಳ ಬಾಯಿಗೆ ಬಿದ್ದ ಮೇಲೆ ಮೂರನೆಯ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬುದನ್ನು ಕ್ಷೇತ್ರಕಾರ್ಯ ಮಾಡುವವರು ನೆನಪಿನಲ್ಲಿಡಬೇಕು.

ದುಡ್ಡಿನ ನಿಯಮಕ್ಕೆ ಬಂದರೆ ಬಿಬಿಸಿಯ ಗಣಿತವೇ ಕುಸಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟು ಸೊನ್ನೆ ರೂಪಾಯಿ. ಅತ್ತೆ ಸೊಸೆ ಜೋಡಿಯಾಗಿ ಹೊರಟರೆ, ಅವರಿಬ್ಬರಲ್ಲಿ ಮಾತು ಇದೆ ಎಂದಿಟ್ಟುಕೊಂಡು, ಬೀದರಿನಿಂದ ಚಾಮರಾಜನಗರದ ತನಕ ಆಚಂದ್ರಾರ್ಕ ಸುತ್ತುತ್ತಿರಬಹುದು. ಬಿಬಿಸಿಯಲ್ಲಿ ಗೆದ್ದ ತಾಯಿ–ಮಗ ಇಲ್ಲಿಯವರೇ ಆಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಆಯಿಗೆ ಆಧಾರ್ ಕಾರ್ಡು ಸಾಕು, ಮಾಣಿ ಪೂರ್ತಿ ದುಡ್ಡು ಎಣಿಸಬೇಕು.

ದಾರಿಯಲ್ಲಿ ಕೂಲಿ ಮಾಡುವವರಿಗೆ ಕೊನೆಕೊಯ್ಲಿನ ಕಾಲ ಪ್ರಶಸ್ತ. ರಾತ್ರಿ ಅಂಗಳದ ದೀಪದ ಕೆಳಗೆ ಮೆಟ್ಟುಗತ್ತಿಯ ಮಣೆಯ ಮೇಲೆ ಕೂರಿಸುತ್ತಾರೆ. ನೆಟ್ಟಗೆ ನಿಂತ ಅಲಗಿಗೆ ಅಡಿಕೆಯನ್ನು ಒತ್ತಿ, ಸಿಪ್ಪೆಯನ್ನು ಎರಡೂ ಕೈಯಿಂದ ಅಗಲಿಸಿದರೆ ಬೇಳೆ ಬುಟ್ಟಿಗೆ ಬೀಳುತ್ತದೆ. ಪಕ್ಕದಲ್ಲಿ ಕೂತವಳು ಊರಿನ ನಾಲ್ಕು ಮನೆಯ ಸುದ್ದಿ ಹೇಳುತ್ತ, ಕತ್ತಿಯ ಕಡೆ ನೋಡದೆಯೇ ಸುಲಿಯುತ್ತಾಳೆ. ಲಂಡನ್ನಿನವನು ನೋಡಿ ಸುಲಿದರೂ ಬೆರಳು ಉಳಿದರೆ ಪುಣ್ಯ. ಸುಲಿದದ್ದನ್ನು ಅಳೆದು ಕೂಲಿ ಕೊಡುವುದರಿಂದ ಅವನ ಗಳಿಕೆ ಮುಂದಿನ ಊರಿನ ಟಿಕೆಟ್ಟಿಗೂ ಆಗದು. ಪುಸ್ತಕದಲ್ಲಿ ಹೆಸರು ಬರೆಯುವ ತಂಗುದಾಣದ ಕಲ್ಪನೆಯೂ ನಮ್ಮಲ್ಲಿ ಹಳೆಯದೇ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರದ್ದು. ಅಡಿಕೆ ಮೂಟೆಯ ಜತೆ ಅಲ್ಲಿಯವರೆಗೆ ಬಂದವನ ಹೆಸರು, ತೂಕ, ಸಾಲ ಮೂರೂ ಪುಸ್ತಕಕ್ಕೆ ಏರುತ್ತಿದ್ದವು. ಬಿಬಿಸಿಯವರು ಮೊದಲನೆಯದನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಅಪರಿಚಿತರ ಸಹಾಯ ಎಂಬುದು ಆ ಸ್ಪರ್ಧೆಯ ಕಣ್ಣೀರು ತರಿಸುವ ಭಾಗ. ಯಾರೋ ಕಾರು ನಿಲ್ಲಿಸುತ್ತಾರೆ, ಯಾರೋ ಊಟ ಹಾಕುತ್ತಾರೆ, ಜೋಡಿಗೆ ವೇಗ ಬರುತ್ತದೆ. ನಮ್ಮ ಸೀಮೆಯಲ್ಲಿ ಸಿದ್ಧಾಂತ ತಿರುಗುಮುರುಗು. ಸಹಾಯ ಹೆಚ್ಚಿದಷ್ಟೂ ವೇಗ ಕಡಿಮೆ. ಇದನ್ನು ‘ಉಪಕಾರವಿಳಂಬ ನ್ಯಾಯ’ ಎಂದು ಕರೆಯಬಹುದು. ದಾರಿ ಕೇಳಲು ಒಂದು ಮನೆಯ ದಣಪೆ ದಾಟಿದರೆ ಮೊದಲ ಪ್ರಶ್ನೆ, “ಯಾರ ಮನೆ ಮಾಣಿ?” ಊರು ಹೇಳಿದರೆ ಅಜ್ಜನ ಹೆಸರು. ಅಜ್ಜನ ಹೆಸರು ಹೇಳಿದರೆ ಅಜ್ಜಿಯ ತವರು. ತವರು ಸಿಕ್ಕಿತೋ, ಸ್ಪರ್ಧಿ ಮುಗಿದ. ಅವನೀಗ ಭಾವನೋ ಅಳಿಯನೋ ಆಗಿದ್ದಾನೆ, “ಆಸ್ರಿಗೆ ಎಂತ ಮಾಡ್ಲಿ?” ಎಂಬ ಪ್ರಶ್ನೆ ಬಂದಾಗಿದೆ. ಆಸರಿ ಕುಡಿಯುವಷ್ಟರಲ್ಲಿ ಊಟದ ಹೊತ್ತು, ಅಪ್ಪೆಹುಳಿ ಬಡಿಸಿದ ಮೇಲೆ ನಿದ್ದೆಯ ಹೊತ್ತು, ಎದ್ದಮೇಲೆ ಹತ್ತಿರದಲ್ಲೇ ಆಟವಿದೆ ಎಂಬ ಸುದ್ದಿ. ಚಂಡೆ ಕೇಳಿಸಿದ ಮೇಲೂ ಎದ್ದು ಬಸ್ಸಿಗೆ ಹೋದವನು ಈ ಕಡೆಯವನಲ್ಲ ಎಂದು ಖಚಿತವಾಗಿ ತೀರ್ಮಾನಿಸಬಹುದು. ಬ್ರಿಟಿಷ್ ಜೋಡಿಗೆ ಇಲ್ಲೊಂದು ಅನುಕೂಲವುಂಟು. ಅವರ ಅಜ್ಜಿಯ ತವರು ಯಾರಿಗೂ ಗೊತ್ತಿಲ್ಲ.

ಒಂದು ಪೂರ್ವಪಕ್ಷಕ್ಕೆ ಉತ್ತರ ಹೇಳಬೇಕು. ರೈಲು ಬಂದರೆ ಈ ಶಾಸ್ತ್ರವೆಲ್ಲ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ರೈಲು ನಮ್ಮನ್ನು ಸುತ್ತುವರಿದಿದೆ, ನಿಜ. ಕೆಳಗೆ ಕುಮಟಾ, ಅಂಕೋಲಾಗಳಲ್ಲಿ ಕೊಂಕಣ ರೈಲ್ವೆ 1998ರಿಂದ ಪೂರ್ಣವಾಗಿ ಓಡುತ್ತಿದೆ. ಮೇಲೆ ಸಾಗರ ತಾಲ್ಲೂಕಿನ ತಾಳಗುಪ್ಪಕ್ಕೆ ಬಂದ ರೈಲು, ಸಿದ್ದಾಪುರ ಹತ್ತಿರವಾಯಿತು ಎನ್ನುವಾಗ ಅಲ್ಲೇ ನಿಂತು ಹಿಂದಕ್ಕೆ ಹೋಗುತ್ತದೆ. ಯಲ್ಲಾಪುರದ ಮೇಲೆ ಹಾದುಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 2000ದಲ್ಲಿ ಅಡಿಗಲ್ಲು ಬಿತ್ತು. ದಾರಿ ಪಶ್ಚಿಮ ಘಟ್ಟದ ದಟ್ಟ ಕಾಡಿನೊಳಗಿನದು. ಮರ ಕಡಿಯಬೇಕು, ಬೋಗದೆ ಕೊರೆಯಬೇಕು. ಪರಿಸರದವರು ಬೇಡ ಎಂದರು, ವ್ಯಾಪಾರದವರು ಬೇಕು ಎಂದರು, ಕಡತ ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಸಮಿತಿಗೆ ಓಡಿತು. ವಿಮಾನವಿಲ್ಲದೆ ಇಷ್ಟು ದೂರ ಕ್ರಮಿಸಿದ ಕಡತಕ್ಕೆ ಬಹುಮಾನ ಸಲ್ಲಬೇಕು. ಕಾಡು ಉಳಿಯಲಿ ಎನ್ನುವವರ ಮಾತಿನಲ್ಲಿ ಹುರುಳಿದೆ ಎಂದೇ ಪ್ರಬಂಧಕಾರನ ಮತ. ಆದರೆ ರೈಲೂ ಬೇಡ, ಇರುವ ಘಟ್ಟದ ರಸ್ತೆಯೂ ಮಳೆಗೆ ಕುಸಿಯಲಿ ಎಂದು ಯಾರೂ ಹೇಳಿದಂತಿಲ್ಲ. ಅದು ಮಾತ್ರ ಯಾರ ಒತ್ತಾಯವೂ ಇಲ್ಲದೆ ಆಗುತ್ತಿರುತ್ತದೆ.

ಆದ್ದರಿಂದ ಕನ್ನಡದ ಯಾವುದೇ ವಾಹಿನಿ ಮುಂದೆ ಬಂದರೆ ಮಾರ್ಗ ಸಿದ್ಧವಿದೆ. ದೊಡ್ಮನೆಯಿಂದ ಹೊರಟು ಸಿದ್ದಾಪುರ, ಶಿರಸಿ, ಸೋಂದಾ, ಯಲ್ಲಾಪುರ, ಅಲ್ಲಿಂದ ಪಂಜಾಬಿನ ಸಂಗ್ರೂರಿನಿಂದ ಇಳಿದು ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಅರಬೈಲು ಘಟ್ಟದಲ್ಲಿ ಅಂಕೋಲಾ, ಕರಾವಳಿಯಲ್ಲಿ ಕುಮಟಾ, ಮತ್ತೆ ಘಟ್ಟ ಹತ್ತಿ ದೊಡ್ಮನೆ. ಹೊರಟಲ್ಲಿಗೇ ಮುಟ್ಟುವ ಸ್ಪರ್ಧೆಯಾದ್ದರಿಂದ, ಹೊರಡದೆ ಜಗಲಿಯ ಮೇಲೆ ಕೂತವನೇ ಮೊದಲಿಗನಲ್ಲವೇ ಎಂಬ ಆಕ್ಷೇಪ ಬರಬಹುದು. ಅಂಥವನನ್ನು ಬಿಗ್ ಬಾಸಿಗೆ ಕಳಿಸಿಕೊಡತಕ್ಕದ್ದು.

ಸ್ಪರ್ಧಿಗಳು ಆಷಾಢದಲ್ಲಿ ಬರಬೇಕಾಗಿ ವಿನಂತಿ. ಬೇಸಿಗೆಯಲ್ಲಿ ಯಾರು ಬೇಕಾದರೂ ಬರುತ್ತಾರೆ. ಕಂಬಳಿಕೊಪ್ಪೆ, ಉಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು ಊರಿನಲ್ಲೇ ಸಿಗುತ್ತವೆ, ಲಂಡನ್ನಿನಿಂದ ಹೊತ್ತು ತರುವುದು ಬೇಡ. ಚಿಲ್ಲರೆ ಮಾತ್ರ ಅವರವರೇ ತರಬೇಕು. ಐನೂರರ ನೋಟು ಹಿಡಿದು ಬಸ್ಸು ಹತ್ತುವ ಸ್ಪರ್ಧಿಯನ್ನು ಕಂಡಕ್ಟರು ಮೊದಲ ಸ್ಟಾಪಿನಲ್ಲೇ ಇಳಿಸಿದರೆ ಪ್ರಬಂಧಕಾರ ಹೊಣೆಯಲ್ಲ.