ಮುದ್ದೆ–ಮದಿರಾ ಸಂಯೋಗ ಮೀಮಾಂಸೆ

ಕೆಂಪು ವೈನಿಗೆ ಕೆಂಪು ಮಾಂಸ, ಬಿಳಿ ವೈನಿಗೆ ಮೀನು ಎಂಬುದು ಪಾಶ್ಚಾತ್ಯ ಆಚಾರ್ಯರ ವಚನ. ನಂದಿಬೆಟ್ಟದ ತಪ್ಪಲಿನ ಕೆಂಪು ವೈನಿಗೂ ಆ ಸೀಮೆಯ ಮುದ್ದೆಯೂಟಕ್ಕೂ ಈ ವಚನ ಅನ್ವಯಿಸುವುದೇ ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ. ಪ್ರಯೋಜನ: ಊಟ. ಅಧಿಕಾರಿಗಳು: ಕಾನೂನು ಒಪ್ಪುವ ವಯಸ್ಸಿನವರು, ಅದರಲ್ಲೂ ಮನೆಗೆ ಗಾಡಿ ಓಡಿಸಬೇಕಿಲ್ಲದವರು.

ಮೊದಲು ಕ್ಷೇತ್ರನಿರ್ಣಯ. ನಂದಿಯ ಎತ್ತರ 1478 ಮೀಟರ್. ನಸುಕಿನಲ್ಲೇ ಬೈಕೇರಿ ಬರುವ ಬೆಂಗಳೂರಿಗರು ಮೇಲೆ ಮೋಡ ನೋಡಿ, ಬೋಂಡ ತಿಂದು ಹಿಂತಿರುಗುತ್ತಾರೆ. ಶಾಸ್ತ್ರಕ್ಕೆ ಬೇಕಾದದ್ದೆಲ್ಲ ಕೆಳಗೆ ದೊಡ್ಡಬಳ್ಳಾಪುರದ ಕಡೆಯ ಕೆಮ್ಮಣ್ಣಿನಲ್ಲಿದೆ. ಕನ್ವಲ್ ಗ್ರೋವರ್ ಅವರು ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ಪಂಡಿತರ ನೆರವಿನಿಂದ ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ಇಲ್ಲಿ ವೈನ್ ಸಂಸ್ಥೆ ಕಟ್ಟಿದರು. ಕ್ಯಾಬರ್ನೆ ಸುವಿನ್ಯೋನ್ ಮತ್ತು ಶಿರಾಜ್ ಬೆರೆಸಿ, ಓಕ್ ಪೀಪಾಯಿಯಲ್ಲಿ ಮಾಗಿಸಿದ ‘ಲಾ ರಿಸರ್ವ್’ ನಮ್ಮ ಮೂಲಗ್ರಂಥ.

ಫ್ರಾನ್ಸಿನ ಬಳ್ಳಿ ಚಳಿಗಾಲ ಪೂರ್ತಿ ನಿದ್ದೆ ಹೊಡೆಯುತ್ತದೆ. ನಮ್ಮದಕ್ಕೆ ಆ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಒಮ್ಮೆ ಸವರಿ ಕಡ್ಡಿ ಬೆಳೆಸುತ್ತಾರೆ, ಮಳೆ ಹಿಂದೆ ಸರಿದಾಗ ಮತ್ತೆ ಸವರಿ ಹಣ್ಣು ಬಿಡಿಸುತ್ತಾರೆ. ಅಲ್ಲಿ ಸೆಪ್ಟೆಂಬರಿನ ಸುಮಾರಿಗೆ ಸುಗ್ಗಿಯಾದರೆ, ಇಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ.

ಇಲ್ಲಿ ಸ್ಥಳೀಯರ ಪೂರ್ವಪಕ್ಷವೊಂದುಂಟು: ‘ಭೌಗೋಳಿಕ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಮನೆಮುಂದೆಯೇ ಇರಲು ಪರದೇಶದ ತಳಿ ಏಕೆ?’ ಅದು ಜ್ಯೂಸಿಗೆ, ಸಿಹಿ ವೈನಿಗೆ ಶ್ರೇಷ್ಠ. ಒಗರಿನ ವಿಚಾರ ಬಂದಾಗ ವಾದ ನಿಲ್ಲುವುದಿಲ್ಲ. ಮುಂದಕ್ಕೆ ಹೋಗೋಣ.

ಕೆಂಪು ವೈನಿನ ಒಗರಿಗೆ ಕಾರಣ ಸಿಪ್ಪೆ–ಬೀಜಗಳ ಟ್ಯಾನಿನ್. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದು, ಎಳೆ ಅಡಿಕೆ ಜಗಿದಂತೆ ಬಾಯಿ ಒಣಗಿಸುತ್ತದೆ. ಮಾಂಸದ ಪ್ರೋಟೀನೂ ಕೊಬ್ಬೂ ಎದುರಾದರೆ ಅದರ ಹಟ ತಗ್ಗುತ್ತದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಹುಣಸೆಹುಳಿ ವೈನನ್ನೇ ಸಪ್ಪೆಯೆನಿಸುತ್ತದೆ. ಮೆಣಸಿನಕಾಯಿಯ ಉರಿಗಂತೂ ಆಲ್ಕೋಹಾಲ್ ತನ್ನ ಉರಿಯನ್ನೂ ಸೇರಿಸುತ್ತದೆ. ಇಷ್ಟು ನಿರ್ವಿವಾದ.

ವಿವಾದ ಹುಟ್ಟುವುದು ಮುದ್ದೆಯಿಂದ. ತುತ್ತು ಜಗಿಯಿರಿ, ಗುಟುಕು ಹೀರಿ, ಎರಡನ್ನೂ ನಾಲಗೆಯ ಮೇಲೆ ಆಡಿಸಿ ಎಂದು ಆಚಾರ್ಯರು ವಿಧಿಸುತ್ತಾರೆ. ಮುದ್ದೆಯನ್ನು ಜಗಿಯುವಂತಿಲ್ಲ, ಜಗಿದವನಿಗೆ ಮಂಡ್ಯದ ಕಡೆ ಹೆಣ್ಣು ಕೊಡುವುದೂ ಅನುಮಾನ. ಸಾರಿನಲ್ಲಿ ಅದ್ದಿದ ತುತ್ತು ನಾಲಗೆಗೆ ಸೋಕಿದ ಮರುಕ್ಷಣವೇ ಗಂಟಲಿಳಿದಿರುತ್ತದೆ. ಬಾಯಲ್ಲಿ ನಿಲ್ಲದ ಪದಾರ್ಥಕ್ಕೆ ಬಾಯಲ್ಲಿ ಸಂಯೋಗವೆಲ್ಲಿಯದು? ಆದಕಾರಣ ಮುದ್ದೆ ನಿಮಿತ್ತಮಾತ್ರ, ಕರ್ತೃ ಸಾರು.

ಇನ್ನು ಹಸ್ತನಿರ್ಣಯ. ಅಂಗೈಯ ಬಿಸಿ ತಾಗದಿರಲೆಂದು ವೈನಿನ ಗ್ಲಾಸಿಗೆ ಸಣಕಲು ಕಾಲಿಟ್ಟಿದ್ದಾರೆ. ಆದರೆ ನಮ್ಮವನ ಬಲಗೈ ಬೆರಳ ಸಂದಿಯಲ್ಲೆಲ್ಲ ಕೋಳಿಸಾರು; ಹಿಡಿಯಬೇಕಾದದ್ದು ಎಡಗೈ. ಎಡಗೈಯಲ್ಲಿ ಗ್ಲಾಸನ್ನು ಗಿರಗಿರನೆ ತಿರುಗಿಸಿ ಪರಿಮಳ ಎಬ್ಬಿಸಹೊರಟವನ ಪಂಚೆಯ ಮೇಲೆ ಶಿರಾಜ್ ಬಿದ್ದರೆ, ಆ ಕಲೆಗೆ ಯಾವ ಶಾಸ್ತ್ರದಲ್ಲೂ ಪ್ರಾಯಶ್ಚಿತ್ತವಿಲ್ಲ. ಸ್ಟೀಲ್ ಲೋಟವೇ ಪ್ರಶಸ್ತವೆಂಬ ಪಂಗಡವೂ ಇದೆ. ಅವರಿಗೆ ಬಣ್ಣ ಕಾಣಿಸುವುದಿಲ್ಲ, ಚಿಂತೆಯೂ ಇಲ್ಲ.

ಕೆಂಪು ವೈನನ್ನು ‘ಕೋಣೆಯ ಉಷ್ಣಾಂಶ’ದಲ್ಲಿ ಕೊಡಬೇಕೆಂಬ ವಿಧಿಯ ಅರ್ಥ 16ರಿಂದ 18 ಡಿಗ್ರಿ. ಅದು ಹಳೆಯ ಯುರೋಪಿನ ಕೋಣೆ. ಏಪ್ರಿಲ್ಲಿನ ದೊಡ್ಡಬಳ್ಳಾಪುರದಲ್ಲಿ ಆ ಕೋಣೆ ಸಿಗುವುದು ಫ್ರಿಜ್ಜಿನೊಳಗೆ ಮಾತ್ರ. ಬಾಟಲಿಯನ್ನು ಅರ್ಧ ಗಂಟೆ ಅಲ್ಲಿಡತಕ್ಕದ್ದು.

ಇನ್ನು ಸಿದ್ಧಾಂತ. ಕೈಮಾ ಉಂಡೆ ಸಾರು ಸರ್ವೋತ್ತಮ: ಮಟನ್ನಿನ ಕೊಬ್ಬು, ಕಾಯಿಯ ಜಿಡ್ಡು ಎರಡೂ ಒಗರಿಗೆ ಸಮ. ನಾಟಿಕೋಳಿ ಸಾರು ಮಧ್ಯಮ. ಖಾರ ಅರ್ಧಕ್ಕಿಳಿಸಲು ಅಡುಗೆಯವರು ಒಪ್ಪಿದರೆ ಉತ್ತಮ, ಆದರೆ ಒಪ್ಪಿದ ನಿದರ್ಶನ ವಿರಳ. ಹಸಿಮೆಣಸಿನಕಾಯಿ ಅರೆದ ಉಪ್ಪೆಸರು ಮತ್ತು ಹುಣಸೆ ಬಿದ್ದ ಸೊಪ್ಪಿನ ಹುಳಿ ಮಜ್ಜಿಗೆಯ ವ್ಯಾಪ್ತಿಗೆ ಸೇರಿದ್ದು. ಅಲ್ಲಿ ವೈನಿಗೆ ಪ್ರವೇಶವಿಲ್ಲ.