ಎಡಗಾಲಿನ ರಜೆ

ಸೂರ್ಯನನ್ನೇ ಹಣ್ಣೆಂದು ತಿಳಿದು ಹಾರಿದವನು ಹುಟ್ಟಿದ್ದು ನಮ್ಮ ಹನುಮನಹಳ್ಳಿಯ ಅಂಜನಾದ್ರಿಯಲ್ಲಿ ಎಂಬುದು ಇಲ್ಲಿಯವರ ನಂಬಿಕೆ. ಅಂಥ ಊರಿನಲ್ಲಿ ಕೂತು ಬಿಸಿಲಿಗೆ ಗೊಣಗುವುದು ಮರ್ಯಾದೆಗೇಡು. ತಡೆಯಲಾಗದಿದ್ದರೆ ಗಂಗಾವತಿಗೆ ಹೋಗಿ ಗೊಣಗಿ ಬರಬೇಕು.

ಅಕ್ಕನ ಮಗ ಬೆಂಗಳೂರಿನಿಂದ ಆಟೋಮ್ಯಾಟಿಕ್ ಕಾರು ತಂದಿದ್ದ. ಮೇ ತಿಂಗಳ ಶನಿವಾರ. ಆನೆಗೊಂದಿಯಿಂದಲೇ ವಾಹನಗಳ ಸಾಲು. ತೆವಳಿ ತೆವಳಿ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಗೇರ್‌ಬಾಕ್ಸ್ ಕಾದಿದೆ ಎಂದು ಕಾರೇ ದೂರು ಕೊಟ್ಟಿತು.

“ಎಡಗಾಲಿಗೆ ರಜಾ ಕೊಟ್ಟೀಯಲ್ಲೋ, ಅದರ ದುಡಿತ ಯಾರ್ ಮಾಡಬೇಕು?” ಎಂದರು ಹಿಂದೆ ಕೂತಿದ್ದ ದೊಡ್ಡಪ್ಪ.

ಎಂಜಿನಿಯರುಗಳು ಪುಟಗಟ್ಟಲೆ ಬರೆಯುವುದೂ ಇದನ್ನೇ. ಎಡಗಾಲು ಒತ್ತುತ್ತಿದ್ದ ಕ್ಲಚ್ಚಿನ ಜಾಗದಲ್ಲಿ ಎದುರುಬದುರು ಎರಡು ರೆಕ್ಕೆಚಕ್ರ, ನಡುವೆ ಎಣ್ಣೆ. ಎಂಜಿನ್ನಿನ ಚಕ್ರ ಗಿರಗಿರ ತಿರುಗುತ್ತಿದ್ದು ಇನ್ನೊಂದು ಮಿಸುಕದಿದ್ದರೆ, ಆ ವ್ಯತ್ಯಾಸವೆಲ್ಲ ಎಣ್ಣೆಯ ಮೈಗೆ ಬಿಸಿಯಾಗಿ ಇಳಿಯುತ್ತದೆ. 120 ಡಿಗ್ರಿ ದಾಟಿತೋ, ಕೆಂಪಗಿದ್ದ ಎಣ್ಣೆ ಬೇಗಬೇಗ ಕಂದಿ ಸೀದ ವಾಸನೆ ಹಿಡಿಯುತ್ತದೆ.

ತಣಿಸುವ ವ್ಯವಸ್ಥೆಯಂತೂ ನಗು ತರಿಸುವಂಥದ್ದು. ಎಷ್ಟೋ ಕಾರುಗಳಲ್ಲಿ ಈ ಎಣ್ಣೆಯನ್ನು ರೇಡಿಯೇಟರಿನೊಳಗಿನ ಬಿಸಿನೀರಿನ ನಡುವೆಯೇ ಹಾಯಿಸುತ್ತಾರೆ! ಎಣ್ಣೆ ನೀರಿಗಿಂತ ಬಿಸಿಯಿದ್ದರೆ ತಣಿಯುತ್ತದೆ, ಬೆಳಗಿನ ತಣ್ಣನೆಯ ಎಣ್ಣೆಯಾದರೆ ಅದೇ ನೀರಿನಿಂದ ಕಾಯುತ್ತದೆ. ಕೆಲವು ಕಾರುಗಳಲ್ಲಿ ದಾರಿಯಲ್ಲೊಂದು ಮೇಣದ ವಾಲ್ವ್ ಬೇರೆ. ಎಣ್ಣೆ ಸುಮಾರು 70-80 ಡಿಗ್ರಿಗೆ ಬಂದರೆ ಮೇಣ ಕರಗಿ, ಉಬ್ಬಿ, ಕಡ್ಡಿಯನ್ನು ನೂಕಿ ಕೂಲರಿನ ದಾರಿ ತೆರೆಯುತ್ತದೆ. ಅಲ್ಲಿಯವರೆಗೆ ಎಣ್ಣೆಗೆ ತಂಪಿನ ಯೋಗವಿಲ್ಲ.

“ಕಾಯೂತನಕ ತಂಪು ಮಾಡೂದಿಲ್ಲಂತ? ಇದ್ಯಾವ ನ್ಯಾಯ?”

“ತಣ್ಣಗಿದ್ರ ಎಣ್ಣಿ ಮಂದ ಇರತೈತಿ ಮುತ್ಯಾ. ಗೇರ್ ಜರ್ಕ್ ಹೊಡೀತಾವ, ಪೆಟ್ರೋಲೂ ಜಾಸ್ತಿ ಕುಡೀತೈತಿ.”

ಯಾರ ಅಪ್ಪಣೆಗೂ ಕಾಯದೆ, ಕಂಪ್ಯೂಟರಿನ ಹಂಗಿಲ್ಲದೆ ಚಿಟಿಕೆಯಷ್ಟು ಮೇಣ ಇದನ್ನೆಲ್ಲ ನಿರ್ಧರಿಸುತ್ತದೆ. ನನಗೆ ಇಡೀ ಕಾರಿನಲ್ಲಿ ಗೌರವ ಹುಟ್ಟಿದ್ದು ಅದೊಂದರ ಮೇಲೆಯೇ.

ಪಕ್ಕಕ್ಕೆ ನಿಲ್ಲಿಸಿದೆವು. 575 ಮೆಟ್ಟಿಲು ಇಳಿದು ಬಂದ ಭಕ್ತರು ತಲೆಗೊಂದು ಸಲಹೆ ಕೊಟ್ಟರು: ಎಂಜಿನ್ ಆಫ್ ಮಾಡ್ರಿ, ಬಾನೆಟ್ ಮ್ಯಾಲೆ ನೀರು ಹೊಡೀರಿ, ನಿಂಬಿಹಣ್ಣು ಕಟ್ಟ್ರಿ. ಆಫ್ ಮಾಡಿದರೆ ಎಣ್ಣೆ ತಿರುಗಿಸುವ ಪಂಪೂ ನಿಲ್ಲುತ್ತದೆಂದು ಅಳಿಯ ಎಂಜಿನ್ ಓಡಲು ಬಿಟ್ಟು ಎ.ಸಿ. ಮಾತ್ರ ಆರಿಸಿದ. ಎ.ಸಿ.ಯ ಬಿಸಿ ಹೊರಬೀಳುವುದು ರೇಡಿಯೇಟರಿನ ಮುಂದೆಯೇ ಅಲ್ಲವೆ? ಗೇರ್‌ಬಾಕ್ಸ್ ತಣ್ಣಗಾಗಲೆಂದು ಒಳಗೆ ನಾವು ಬೆಂದೆವು.

ಕೊನೆಗೆ ಎಚ್ಚರಿಕೆಯ ದೀಪ ಆರಿತು. “ಎಣ್ಣಿದು ಮುಗೀತಲ್ಲ, ಇನ್ನ ಮನಷ್ಯಾರ ಕಡೆ ನೋಡು” ಎನ್ನುತ್ತ ದೊಡ್ಡಪ್ಪ ಮುಂದಕ್ಕೆ ಬಾಗಿ ಎ.ಸಿ. ಗುಂಡಿಯನ್ನು ತಾವೇ ಒತ್ತಿದರು.