ಇದ್ದೀಯಾ? ಇದ್ದೀನಿ

ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ ವ್ಯಾಪಾರ ನಿಲ್ಲಬೇಕಾದರೆ ಈಗ ಬಂದ್ ಆಗಬೇಕಿಲ್ಲ, ಬಿಲ್ಲಿನ ಪ್ರಿಂಟರ್ ಮುನಿಸಿಕೊಂಡರೂ ಸಾಕು. ಎರಡು ತಾಸು ಸೀರೆ ಆರಿಸಿದ ಅಕ್ಕನವರಿಗೆ ಬಿಲ್ಲು ಮಾತ್ರ ಎರಡೇ ನಿಮಿಷದಲ್ಲಿ ಬೇಕು. ಸಾಹುಕಾರರು "ನೆಟ್ ಇಲ್ಲ" ಅಂದುಬಿಡುತ್ತಾರೆ. ಏನೇ ಕೆಟ್ಟರೂ ಅವರ ಬಾಯಲ್ಲಿ ಅದು ನೆಟ್ಟೇ.

ಆಮೇಲೆ ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗ ಬಂದು, ಕಪ್ಪು ಪರದೆ ತೆರೆದು ಪಿಂಗ್ ಹೊಡೆಯುತ್ತಾನೆ. ಮಲೆನಾಡಿನ ಕಾಡಲ್ಲಿ ಜತೆಯವರು ಕಣ್ಮರೆಯಾದರೆ ಕೂ ಹಾಕುತ್ತೇವಲ್ಲ, ಅದೇ ಕೆಲಸ. ಆಚೆಯಿಂದ ಕೂ ಬಂತೆಂದರೆ ಆಸಾಮಿ ಇದ್ದಾನೆ. ಮೊದಲ ಕೂ ತನಗೇ, 127.0.0.1ಕ್ಕೆ. ಆಮೇಲೆ ರೂಟರ್‌ಗೆ, ಪ್ರಿಂಟರ್‌ಗೆ, ಕೊನೆಗೆ ಊರಾಚೆಯ 8.8.8.8ಕ್ಕೆ. ಎಲ್ಲಿ ಉತ್ತರ ನಿಂತಿತೋ ಅಲ್ಲಿ ವೈರು ಹುಡುಕು.

ಈ ಪಿಂಗ್ ಪ್ರೋಗ್ರಾಂ ಬರೆದವನು ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್, 1983ರ ಡಿಸೆಂಬರ್‌ನಲ್ಲಿ. ಅಲ್ಲಿನ ನೆಟ್‌ವರ್ಕ್ ತಕರಾರು ಮಾಡುತ್ತಿತ್ತು. ಪುಣ್ಯಾತ್ಮ ರಾತ್ರಿಯೆಲ್ಲ ಕೂತು, ಬೆಳಕು ಹರಿಯುವ ಮುಂಚೆ ಮುಗಿಸಿದ. ಮೊದಲ ಕೂಗಿನ ಪ್ಯಾಕೆಟ್ ಬಿಡುವಷ್ಟರಲ್ಲಿ ಸಹೋದ್ಯೋಗಿಯೊಬ್ಬ ಕೆಟ್ಟ ಯಂತ್ರವನ್ನು ಹುಡುಕಿ ರಿಪೇರಿಯನ್ನೂ ಮಾಡಿಬಿಟ್ಟಿದ್ದ! ಇದೇ ತನಗೆ ಇಷ್ಟು ಹೆಸರು ತರುತ್ತದೆಂದು ಗೊತ್ತಿದ್ದರೆ ಇನ್ನೊಂದೆರಡು ದಿನ ಹೆಚ್ಚಿಗೆ ದುಡಿಯುತ್ತಿದ್ದೆ ಎಂದು ಮ್ಯೂಸ್ ಆಮೇಲೆ ತಮಾಷೆಯಾಗಿ ಬರೆದುಕೊಂಡಿದ್ದಾನೆ.

ಕೂಗು ಮರಳಲು ಹಿಡಿದ ಹೊತ್ತನ್ನೂ ಪಿಂಗ್ ಮಿಲಿಸೆಕೆಂಡಿನಲ್ಲಿ ಹೇಳುತ್ತದೆ. ಅದರಿಂದ ದೂರ ಅಳೆಯಲು ಹೋದರೆ ಮಾತ್ರ ಕೆಟ್ಟಿರಿ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಅಮ್ಮ ತವರುಮನೆಯೆಂದು ಇದೇ ಬಜಾರಿಗೆ ಬಂದು ಕೂರುತ್ತಾಳೆ. ಅವತ್ತು ಮೊಬೈಲ್ ನೆಟ್‌ನಲ್ಲಿ ಪಿಂಗ್ ಹೊಡೆದು ನೋಡಿ. ಟವರ್ ಇದ್ದಲ್ಲೇ ಇದೆ, ನೀವೂ ಇದ್ದಲ್ಲೇ ಇದ್ದೀರಿ, ಅಂಕಿ ಮಾತ್ರ ಏರುತ್ತಲೇ ಹೋಗುತ್ತದೆ. ಸಾಲು ನಿಲ್ಲುವುದು ಪ್ಯಾಕೆಟ್ಟುಗಳಿಗೂ ತಪ್ಪಿದ್ದಲ್ಲ.

ಇತ್ತ ಅಂಗಡಿಯಲ್ಲಿ ಪ್ರಿಂಟರ್ ಅಂತೂ ನಾಲ್ಕಕ್ಕೆ ನಾಲ್ಕೂ ಉತ್ತರ ಕೊಟ್ಟಿತು. ಬಿಲ್ಲು ಮಾತ್ರ ಬರಲಿಲ್ಲ. ಮುಚ್ಚಳ ತೆಗೆದರೆ ಪೇಪರ್ ರೋಲೇ ಮುಗಿದಿತ್ತು. ಒಳಕೋಣೆಯ ಕಂಪ್ಯೂಟರ್‌ನದು ಇದಕ್ಕೆ ತಿರುಗುಮುರುಗು. ಲೆಕ್ಕವನ್ನೆಲ್ಲ ಬರೆಯುತ್ತಿತ್ತು, ಪಿಂಗ್‌ಗೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಫೈರ್‌ವಾಲ್ ಉತ್ತರಿಸಬೇಡ ಎಂದಿತ್ತಂತೆ. ಇರುವವರೆಲ್ಲ ಓಗೊಡಬೇಕೆಂಬ ಕಾನೂನೇನೂ ಇಲ್ಲವಲ್ಲ.

ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದು ಪರದೆ ನೋಡಿದರು.

"ನಾಲ್ಕೇ ಸಲ ಕೇಳಿ ಬಿಟ್ಟುಬಿಡುತ್ತಾ ಇದು?"

"ವಿಂಡೋಸ್ ಹಂಗೇ ಅಣ್ಣ. ಲಿನಕ್ಸ್‌ನಲ್ಲಾದ್ರೆ ನಾವಾಗಿ ನಿಲ್ಸೋವರೆಗೂ ಕೇಳ್ತಾನೇ ಇರುತ್ತೆ."

ಸಾಹುಕಾರರ ಕಣ್ಣು ಗಲ್ಲಾದ ಪಕ್ಕದ ಉದ್ರಿ ಪುಸ್ತಕದ ಮೇಲೆ ಹೋಯಿತು. "ನಂಗೆ ಅದನ್ನೇ ಹಾಕ್ಕೊಡು ಮಾರಾಯ."